ಶಾರ್ಜಾದವರೇ ಹೇಳಬೇಕು

"ಕಡೆಯ ರೇಟ್ ಹೇಳಿ ಜುಲೈಕಕ್ಕ. ನಾನು ಮತ್ತೆ ಚರ್ಚೆ ಮಾಡುದಿಲ್ಲ," ಎಂದು ಭೋಜ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

ವೇಣೂರಿನಲ್ಲಿ ಬಾಳೆಕಾಯಿ ಚಿಪ್ಸ್ ಮಾಡುವ ಭೋಜ ಮೊದಲ ಪ್ಯಾಕಿಂಗ್ ಯಂತ್ರದ ವ್ಯಾಪಾರ ಕುದುರಿಸಿದ್ದೂ ಮಡಂತ್ಯಾರಿನ ಈ ಮಹಡಿ ಕೋಣೆಯಲ್ಲೇ. ಯಂತ್ರ ಶಾರ್ಜಾದ ಕಂಪನಿಯದು. ಆದರೆ ಇಲ್ಲಿ ಅದರ ಪ್ರತಿನಿಧಿ ಜುಲೈಕಾ ಹೂಂ ಎಂದರೆ ವ್ಯಾಪಾರ ಮುಗಿಯಿತು. ಶಾರ್ಜಾದಿಂದ ಒಪ್ಪಿಗೆಯ ಕಾಗದ ಎಷ್ಟು ದಿನ ತಡವಾದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಇವತ್ತು ಆ ಹೂಂ ಅನ್ನುವ ಹಾಗಿರಲಿಲ್ಲ.

ಕಂಪನಿ ಈಗ ಇಂಡಿಯಾದಲ್ಲಿ ದೊಡ್ಡದಾಗಿ ಕಾಲೂರಲು ಹೊರಟಿತ್ತು. ಅದಕ್ಕೆ ಮೊದಲು ತೆರಿಗೆಯ ವಿಚಾರ ನೋಡಲು ಮೂಡುಬಿದಿರೆಯಿಂದ ಬಂದ ಸಲಹೆಗಾರ ಇಮ್ತಿಯಾಝ್, ಸೋಮವಾರವಿಡೀ ಅವಳ ಫೈಲುಗಳನ್ನು ಓದಿದ್ದ.

"ಆರು ವರ್ಷದಲ್ಲಿ ನೀವು ಹೇಳಿದ ರೇಟನ್ನು ಶಾರ್ಜಾದವರು ಒಮ್ಮೆಯಾದರೂ ಬದಲಿಸಿದ್ದುಂಟಾ?" ಎಂದು ಅವನು ಕೇಳಿದ್ದ.

"ಇಲ್ಲ," ಎಂದಿದ್ದಳು ಜುಲೈಕಾ, ಹೆಮ್ಮೆಯಿಂದಲೇ. ಆ ಹೆಮ್ಮೆಯೇ ಮುಳುವಾಯಿತು.

"ಅದೇ ತೊಂದರೆ ನೋಡಿ. ವ್ಯಾಪಾರ ನಿಮ್ಮ ಬಾಯಲ್ಲೇ ಮುಗಿಯುವುದಾದರೆ, ಈ ಕೋಣೆಯೇ ಹೊರದೇಶದ ಕಂಪನಿಯ ನೆಲೆ ಅಂತ ಇಲಾಖೆಯವರು ಹೇಳಬಹುದು. ಆಗ ಲಾಭಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಾಗ್ತದೆ. ಇಲ್ಲಿಯ ಕಂಪನಿ ರಿಜಿಸ್ಟರ್ ಆಗುವವರೆಗೆ ನೀವು ಯಂತ್ರ ತೋರಿಸಿ, ಅಷ್ಟೇ. ರೇಟ್ ಶಾರ್ಜಾದವರೇ ಹೇಳಬೇಕು. ಇನ್ನೊಂದು ವ್ಯಾಪಾರ ನೀವು ಮುಗಿಸಿದರೆ ಕಂಪನಿಯವರೇ ಈ ಕೋಣೆ ಮುಚ್ಚಿಸ್ತಾರೆ."

ಮದುವೆ ಮುರಿದು ಶಾರ್ಜಾಕ್ಕೆ ಹೋದ ಜುಲೈಕಾ, ಹದಿನಾಲ್ಕು ವರ್ಷ ಅದೇ ಕಂಪನಿಯಲ್ಲಿ ದುಡಿದು ಮರಳಿ ಬಂದಿದ್ದಳು. ಊರಿನಲ್ಲಿ ಅವಳನ್ನು ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದವರು ಈ ಗಿರಾಕಿಗಳು ಮಾತ್ರ. ಕೋಣೆ ಹೋದರೆ ಅವರೂ ಇಲ್ಲ.

"ರೇಟ್ ನಾನು ಹೇಳುವ ಹಾಗಿಲ್ಲ ಭೋಜಣ್ಣ. ಶಾರ್ಜಾದಲ್ಲಿ ಅನ್ಸಾಫ್ ಅಂತ ಇದ್ದಾನೆ, ನಮ್ಮ ಬಂಟ್ವಾಳದವನೇ. ಇದು ಅವನ ನಂಬರು."

"ಎಂತ ಮಾರಾಯ್ರೆ, ನನ್ನ ಮೇಲೆ ಕೋಪ ಉಂಟಾ?"

"ಕೋಪ ಎಂತದು? ನೀವು ಫೋನ್ ಮಾಡಿ."

ಭೋಜ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ. ಅನ್ಸಾಫ್ ಎಲ್ಲವನ್ನೂ ಕೇಳಿಸಿಕೊಂಡು, "ಒಂದು ನಿಮಿಷ ಹಾಂ, ಕೇಳಿ ಹೇಳ್ತೇನೆ," ಎಂದ. ಫೋನಿನಲ್ಲಿ ಸಂಗೀತ ಶುರುವಾಯಿತು.

ಆಗಲೇ ಪಕ್ಕದಲ್ಲಿದ್ದ ಜುಲೈಕಾಳ ಫೋನು ರಿಂಗಾಯಿತು. ಪರದೆಯ ಮೇಲೆ ಅನ್ಸಾಫನ ಹೆಸರು. ರೇಟ್ ಅವಳನ್ನೇ ಕೇಳುವ ಹಳೆಯ ಅಭ್ಯಾಸ ಅವನನ್ನೂ ಬಿಟ್ಟಿರಲಿಲ್ಲ.

ಭೋಜ ಹೆಸರು ಓದಿ ನಕ್ಕ. "ತೆಗೀರಿ ಜುಲೈಕಕ್ಕ. ನಿಮ್ಮನ್ನೇ ಕೇಳುದು ಅವ."

ರೇಟ್ ಅವಳ ನಾಲಗೆಯ ತುದಿಯಲ್ಲೇ ಇತ್ತು. ಹೇಳಿಬಿಡಬೇಕೆಂದು ಜೀವ ಚಡಪಡಿಸಿತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದಳು. ಭೋಜನ ನಗು ಮೆಲ್ಲಗೆ ಇಳಿಯಿತು. ಫೋನು ರಿಂಗಾಗಿ ರಿಂಗಾಗಿ ನಿಂತಿತು.

ಸಂಗೀತವೂ ನಿಂತು ಭೋಜನ ಫೋನಿನಲ್ಲಿ ಅನ್ಸಾಫ್ ಮರಳಿ ಬಂದ.

"ಸಾರಿ ಅಣ್ಣ, ನಾಳೆ ಹೇಳ್ತೇನೆ. ಮಡಂತ್ಯಾರಿನಲ್ಲಿ ಯಾರೂ ಇಲ್ಲ ಅಂತ ಕಾಣ್ತದೆ."

ಜುಲೈಕಾ ಕಿಟಕಿಯತ್ತ ನೋಡಿದಳು. ಭೋಜ ಫೋನನ್ನು ಕಿಸೆಗೆ ಹಾಕಿಕೊಂಡು ಎದ್ದ. ಎಳೆದುಕೊಂಡಿದ್ದ ಕುರ್ಚಿಯನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟು, ಸದ್ದಾಗದ ಹಾಗೆ ಮೆಟ್ಟಿಲು ಇಳಿದ.