ಐದು ಡಿಗ್ರಿಯ ಸಾಕ್ಷಿ

ನಾನು ಒಂದು ಉಷ್ಣಮಾಪಕ. ಗೇಣುದ್ದದ ಗಾಜಿನ ನಳಿಕೆ, ಅದರೊಳಗೆ ಕೆಂಪು ದ್ರವ, ಬೆನ್ನಿಗೆ ಅಂಕಿ ಬರೆದ ಬಿಳಿ ಪಟ್ಟಿ. ಇಷ್ಟೇ ನನ್ನ ಮೈ. ನನ್ನನ್ನು ಮಾಡಿದವನು ಗಾಜು ಊದುವ ಒಬ್ಬ ಮುದುಕ. ಹುಟ್ಟಿದ ಕೂಡಲೇ ಅವನು ನನ್ನನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ, ಕೆಂಪು ನಿಂತ ಕಡೆ ಸೊನ್ನೆ ಎಂದು ಗೀಟು ಎಳೆದ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ನನ್ನ ಕಸುಬಾಯಿತು. ಆದರೆ ಕೇಳುವವರು ಸಿಗಬೇಕಲ್ಲ!

ಮೊದಲು ಸೇರಿದ್ದು ಗದಗಿನ ಒಂದು ಐಸ್‌ಕ್ರೀಮ್ ಅಂಗಡಿ. ಒಂದು ದಿನ ಕರೆಂಟು ಹೋಗಿ ಪೆಟ್ಟಿಗೆಯೊಳಗಿನದೆಲ್ಲ ಕರಗಿ ಪಾಯಸವಾಯಿತು. ಮಾಲೀಕ ನನ್ನ ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟ. ಕರೆಂಟು ಬಂದಮೇಲೆ ಕರಗಿದ್ದು ಮತ್ತೆ ಗಟ್ಟಿಯಾಯಿತು, ಸಂಜೆಗೆ ಮಾರಾಟವೂ ಆಯಿತು. ಮಕ್ಕಳು ನೆಕ್ಕುತ್ತಾ ಹೋದರು. ಅಂದಿನಿಂದ ಬಾಗಿಲು ತೆರೆದ ಪ್ರತಿಯೊಂದು ಕೈಯನ್ನೂ ನಾನು ಅನುಮಾನದಿಂದಲೇ ನೋಡುತ್ತ ಬಂದಿದ್ದೇನೆ.

ಅಂಗಡಿ ಮುಚ್ಚಿದಾಗ ಆ ಪೆಟ್ಟಿಗೆಯನ್ನು ಬಿಡಿಭಾಗಗಳಿಗಾಗಿ ಕೊಂಡವನು ಫ್ರಿಜ್ ರಿಪೇರಿಯ ಮೌಲಾಸಾಬ ನದಾಫ. ಮಗಳು ಡಾಕ್ಟರ್ ರೇಷ್ಮಾ ಬೆಟಗೇರಿಯಲ್ಲಿ ಸಣ್ಣ ದವಾಖಾನೆ ತೆರೆದಾಗ, ಅವನು ಒಂದು ಫ್ರಿಜ್ಜನ್ನು ಸರಿಮಾಡಿ ಕೊಟ್ಟು, ಅದರೊಳಗೆ ನನ್ನನ್ನು ತೂಗುಹಾಕಿದ. ಅಲ್ಲಿ ಔಷಧಗಳ ಜೊತೆ ನನ್ನ ವಾಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡಾಕ್ಟರ್ ನನ್ನ ಅಂಕಿ ನೋಡಿ ಒಂದು ಹಾಳೆಯಲ್ಲಿ ಬರೆಯುತ್ತಿದ್ದರು. ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ಲು ಅಳಿಸಲು ಬರುತ್ತದೆ ಎಂದು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ಮುಂಗಾರು ಹಿಡಿಯುವ ಮೊದಲು ದವಾಖಾನೆಯ ಮುಂದೆ ಫಲಕ ಹಾಕಿದರು: ಈ ವರ್ಷದ ಫ್ಲೂ ಲಸಿಕೆ, ಕಡಿಮೆ ದರದಲ್ಲಿ. ಮರುದಿನವೇ ಕಸ್ತೂರೆವ್ವ ಬಂದಳು. ಅದೇ ರಸ್ತೆಯಲ್ಲಿ ಖಾನಾವಳಿ ನಡೆಸುವವಳು. ಶೇಂಗಾ ಕೊಳ್ಳುವಾಗ ಚೀಲದ ತಳದಿಂದ ಒಂದು ಹಿಡಿ ತೆಗೆದು ಒಡೆದು ನೋಡುವ, ಎಣ್ಣೆಯನ್ನು ಅಂಗೈಗೆ ಉಜ್ಜಿ ಮೂಸುವ ಹೆಂಗಸು. ಅವಳ ತಂಗಿ ನೀಲಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳಿಗೆ ಬಂದ ಫ್ಲೂ ಎದೆಗಿಳಿದು ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿಸಿತ್ತು. ಈಗಲೂ ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಉಸಿರು ಮೇಲಕ್ಕೆ ಬರುತ್ತಿತ್ತು. ವರ್ಷವರ್ಷವೂ ಸೂಜಿ ಹಾಕಿಸಲೇಬೇಕು ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು.

"ಏನ್ರಿ ಮೇಡಮ್ಮಾರ, ದೊಡ್ಡ ದವಾಖಾನ್ಯಾಗ ಇದರ ಎರಡರಷ್ಟು ಹೇಳ್ತಾರ. ನೀವು ಹೆಂಗ ಅರ್ಧಕ್ಕ ಹಾಕ್ತೀರಿ? ತಾರೀಕು ಮುಗಿದದ್ದೇನು?"

"ತಾರೀಕು ನೀವ ಓದ್ರಿ ಅಕ್ಕಾರ. ನಲವತ್ತು ಮಂದಿ ಹೆಸರು ಮೊದಲ ಬರಕೊಂಡು ಒಮ್ಮೆಲೆ ತರಿಸೀನಿ, ಅದಕ್ಕ ಸೋವಿ ಬಿತ್ತು. ಮ್ಯಾಲೆ ನನ್ನ ಫೀ ಹಚ್ಚಿಲ್ಲ."

"ಫೀ ಹಚ್ಚದ ಡಾಕ್ಟರ್‌ನ ನಾ ಇನ್ನೂ ನೋಡಿಲ್ಲ," ಎಂದಳು ಕಸ್ತೂರೆವ್ವ. "ಎಲ್ಲಿ ಇಟ್ಟೀರಿ, ತೋರಸ್ರಿ."

ಬಾಗಿಲು ತೆರೆಯಿತು. ಅವಳು ಡಬ್ಬಿಗಳ ಮೇಲಿನ ತಾರೀಕನ್ನು ಬೆರಳಿಟ್ಟು ಓದಿದಳು. ಆಮೇಲೆ ನನ್ನನ್ನು ದಿಟ್ಟಿಸಿದಳು.

"ಎರಡರಿಂದ ಎಂಟರೊಳಗ ಈ ಕೆಂಪು ನಿಂತಿದ್ರ ಔಷಧ ಚಲೋ," ಎಂದು ಡಾಕ್ಟರ್ ವಿವರಿಸಿದರು. "ಮ್ಯಾಲೆ ಹೋದ್ರೂ ಕೆಡತೈತಿ, ಹೆಪ್ಪುಗಟ್ಟಿದ್ರೂ ಕೆಡತೈತಿ."

ನಾನು ಐದರಲ್ಲಿದ್ದೆ. ಆದರೂ ಅವಳು ಸೂಜಿಗೆ ಒಪ್ಪಲಿಲ್ಲ. ನೋಡೋಣ ಎಂದು ಹೋದಳು. ಆ ವಾರ ಮತ್ತೆರಡು ಸಲ ಬಂದಳು. ಒಮ್ಮೆ ಮಜ್ಜಿಗೆ ತಂದ ನೆಪ, ಇನ್ನೊಮ್ಮೆ ತಲೆನೋವಿನ ನೆಪ. ಎರಡು ಸಲವೂ ಫ್ರಿಜ್ ತೆಗೆಸಿ ನನ್ನನ್ನು ನೋಡಿಕೊಂಡು ಹೋದಳು. ನನಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷಕ್ಕೆ ನನ್ನ ಮಾತಿಗೆ ಕಾಯುವ ಒಬ್ಬಳು ಸಿಕ್ಕಿದ್ದಳು. ಗುರುವಾರ ಸಂಜೆ ತಂಗಿಯನ್ನು ಕರೆತರುತ್ತೇನೆಂದು ಕೊನೆಗೂ ಹೇಳಿದಳು.

ಬುಧವಾರ ದವಾಖಾನೆಗೆ ರಜೆ. ಅಂದು ಬೀಸಿದ ಗಾಳಿಗೆ ಎಲ್ಲೋ ಕಂಬ ಬಿದ್ದು ಕರೆಂಟು ಹೋಯಿತು. ಕತ್ತಲೆಯ ಪೆಟ್ಟಿಗೆಯಲ್ಲಿ ನಾನು ಒಂದೊಂದೇ ಗೆರೆ ಏರತೊಡಗಿದೆ. ಒಂಬತ್ತು. ಹದಿಮೂರು. ಗುರುವಾರ ಬೆಳಿಗ್ಗೆ ಡಾಕ್ಟರ್ ಬಾಗಿಲು ತೆಗೆದಾಗ ನಾನು ಹತ್ತೊಂಬತ್ತರಲ್ಲಿದ್ದೆ. ಅವರು ನನ್ನ ಅಂಕಿ ಓದಿದರು. ಹಾಳೆಯಲ್ಲಿ ಏನೋ ಬರೆದರು. ಆಗಲೇ ಕರೆಂಟು ಬಂತು, ಬಾಗಿಲು ಮುಚ್ಚಿತು. ಡಬ್ಬಿಗಳು ಇದ್ದಲ್ಲೇ ಇದ್ದವು.

ಒಂದನ್ನೂ ಹೊರಗೆ ತೆಗೆಯಲಿಲ್ಲ, ಯಾಕೆ? ಐಸ್‌ಕ್ರೀಮಿನವನ ಮುಖ ನನ್ನ ಕಣ್ಣಮುಂದೆ ಬಂತು. ಹೊರಗೆ ನರ್ಸ್ ಸುನಂದಾಳ ದನಿ ಕೇಳಿಸಿತು: "ಸಂಜಿಗೆ ತಣ್ಣಗ ಆಗ್ತೈತಲ್ರಿ ಮೇಡಂ. ಯಾರಿಗ ಗೊತ್ತಾಗ್ತೈತಿ?" ಡಾಕ್ಟರ್ ಲಸಿಕೆ ಕಳಿಸಿದ ಕಂಪನಿಯವರಿಗೆ ಎರಡು ಮೂರು ಸಲ ಫೋನು ಹಚ್ಚಿದರು, ಯಾರೂ ಎತ್ತಲಿಲ್ಲ. ಇತ್ತ ನನ್ನ ಸಂಕಟ ಬೇರೆಯೇ ಇತ್ತು. ತಣ್ಣಗಾದಂತೆ ನಾನು ಇಳಿಯಲೇಬೇಕು. ಏರಿದ್ದ ಗುರುತು ನನ್ನ ಮೈಯಲ್ಲಿ ಉಳಿಯುವುದಿಲ್ಲ.

ನಾಲ್ಕು ಗಂಟೆಗೆ ಅಕ್ಕತಂಗಿಯರು ಬಂದರು. ಕಸ್ತೂರೆವ್ವ ನೇರವಾಗಿ ಫ್ರಿಜ್ಜಿಗೆ ಬಂದು ಬಾಗಿದಳು. ನಾನು ಐದರಲ್ಲಿದ್ದೆ. ಅವಳ ಮುಖ ಮೊದಲ ಸಲ ಸಡಿಲವಾಯಿತು.

"ಹ್ಞಾಂ, ಸರಿ ಐತಿ. ಹಾಕ್ರಿ ಇನ್ನ."

ನೀಲಮ್ಮ ಆಗಲೇ ಕುಪ್ಪಸದ ತೋಳು ಮೇಲಕ್ಕೆ ಸರಿಸಿ ಕೂತಿದ್ದಳು. ಡಾಕ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಇವತ್ತ ಬ್ಯಾಡ್ರಿ ಅಕ್ಕಾರ. ಮುಂಜಾನೆ ಇದು ಹತ್ತೊಂಬತ್ತಕ್ಕ ಏರಿತ್ತು. ಈ ಔಷಧ ನಾ ಯಾರಿಗೂ ಹಾಕಂಗಿಲ್ಲ."

ಕಸ್ತೂರೆವ್ವನ ಹುಬ್ಬು ಗಂಟಾಯಿತು. "ಐದು ಐತಿ, ನಾ ಕಣ್ಣಾರೆ ನೋಡೇನಿ! ಮೊದಲ ಸೋವಿ ಅಂತ ಕರಿಯೂದು, ಮಳಿ ಹತ್ತಿದ ಮ್ಯಾಲೆ ಕೆಟ್ಟೈತಿ ಅಂತ ಹೇಳಿ ರೇಟ್ ಏರಸೂದು. ನನಗ ತಿಳಿಯಂಗಿಲ್ಲೇನು? ಏಳು ನೀಲವ್ವಾ."

ನಾನು ನಿಜವನ್ನೇ ಹೇಳಿದ್ದೆ, ಆದರೂ ಸುಳ್ಳಿನ ಕಡೆ ಸಾಕ್ಷಿಯಾದೆ. ಅವರು ಹೋದಮೇಲೆ ಡಾಕ್ಟರ್ ಡಬ್ಬಿಗಳನ್ನು ಒಂದು ಚೀಲಕ್ಕೆ ತುಂಬಿ, "ಕೆಟ್ಟದ್ದು" ಎಂದು ಬರೆದು ಕಟ್ಟಿದರು.

ಎಂಟು ದಿನಕ್ಕೆ ಹೊಸ ಲಸಿಕೆ ಬಂತು. ನಷ್ಟ ಡಾಕ್ಟರ ಮೈಮೇಲೆ ಬಿತ್ತು. ಫಲಕದ ಅಂಕಿ ಬದಲಾಗಲಿಲ್ಲ. ಕಸ್ತೂರೆವ್ವ ರಸ್ತೆಯ ಆಚೆ ದಂಡೆಯಲ್ಲಿ ನಿಂತು ಎರಡು ದಿನ ಫಲಕ ಓದಿ ಹೋದಳೆಂದು ಸುನಂದಾ ನಗುತ್ತ ಹೇಳಿದಳು. ಮೂರನೆಯ ದಿನ ಕಸ್ತೂರೆವ್ವ ಒಳಗೆ ಬಂದಳು, ತಂಗಿಯೊಡನೆ.

"ಹ್ವಾದ ವಾರದ್ದು ಏನು ಮಾಡಿದ್ರಿ?"

ದವಾಖಾನೆಯ ಕಸ ಒಯ್ಯುವ ಗಾಡಿಗಾಗಿ ಕಾದಿದ್ದ ಚೀಲವನ್ನೂ, ಗುರುವಾರದ ಹಾಳೆಯನ್ನೂ ಡಾಕ್ಟರ್ ಮುಂದಿಟ್ಟರು. ಹತ್ತೊಂಬತ್ತು ಎಂಬ ಅಂಕಿ ಪೆನ್ನಿನಲ್ಲಿ ಬರೆದದ್ದಾಗಿತ್ತು. ಕಸ್ತೂರೆವ್ವ ಅದನ್ನು ಉಗುರಿನಿಂದ ಕೆರೆದು ನೋಡಿದಳು.

"ಆತು. ಮೊದಲ ನನಗ ಹಾಕ್ರಿ. ಮೂರು ದಿನ ನನಗ ಏನೂ ಆಗಲಿಲ್ಲಂದ್ರ ಆಕಿಗೆ."

"ಅಕ್ಕಾ, ನಾ ಏನು ಶೇಂಗಾದ ಚೀಲೇನು?" ಎಂದು ನೀಲಮ್ಮ ಮುಂದೆ ಬಂದು ಕೂತಳು. "ನನಗ ಹಾಕ್ರಿ ಮೇಡಮ್ಮಾರ."

ಸೂಜಿ ಚುಚ್ಚುವಾಗ ಮುಖ ತಿರುಗಿಸಿದವಳು ನೀಲಮ್ಮನಲ್ಲ, ಅವಳ ಅಕ್ಕ.

ಆ ಮಳೆಗಾಲದಲ್ಲಿ ಓಣಿಯೆಲ್ಲ ಕೆಮ್ಮಿತು. ನೀಲಮ್ಮನಿಗೂ ಎರಡು ದಿನ ಜ್ವರ ಬಂತು. ನಾಲ್ಕನೆಯ ದಿನ ರೊಟ್ಟಿ ಬಡಿದಳು. "ಸೂಜಿಂದ ಹಿಂಗಾತೋ, ಜ್ವರಾನ ಸಣ್ಣದಿತ್ತೋ, ಯಾರು ಕಂಡಾರ," ಎಂದಳು ಕಸ್ತೂರೆವ್ವ. ಆದರೆ ಮರುವರ್ಷದ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಅವರದೇ.

ಆಮೇಲೆ ಡಾಕ್ಟರ್ ಹೊಸ ಯಂತ್ರ ತಂದರು. ಏರಿದ್ದನ್ನೂ ಇಳಿದದ್ದನ್ನೂ ಅದು ನೆನಪಿಡುತ್ತದೆ, ಕೂಗಿ ಎಬ್ಬಿಸುತ್ತದೆ. ನನ್ನನ್ನು ಕಸ್ತೂರೆವ್ವ ಕೇಳಿ ಪಡೆದಳು. ಈಗ ಖಾನಾವಳಿಯ ಫ್ರಿಜ್ಜಿನಲ್ಲಿ, ಮೊಸರಿನ ಗಡಿಗೆಗೂ ಕೆಂಪು ಚಟ್ನಿಯ ಡಬ್ಬಿಗೂ ನಡುವೆ ತೂಗುತ್ತಿದ್ದೇನೆ. ಅಂಕಿಗಳು ಮಾಸಿವೆ. ಈ ಕ್ಷಣದ ಮಾತನ್ನು ಇನ್ನೂ ಸರಿಯಾಗಿಯೇ ಹೇಳುತ್ತೇನೆ. ಹಿಂದಿನ ಗಳಿಗೆಯ ಮಾತು ನನ್ನಿಂದ ಆಗದು. ಅದನ್ನು ಕಂಡವರೇ ಬಾಯಿಬಿಟ್ಟು ಹೇಳಬೇಕು. ಅವಳಿಗೂ ಇದು ಗೊತ್ತು. ಇವತ್ತು ಬೆಳಿಗ್ಗೆಯೂ ನನ್ನ ನಾಲ್ಕನ್ನು ನೋಡಿ, ಗಡಿಗೆ ಕೈಗೆತ್ತಿಕೊಂಡು, ಅಡುಗೆಮನೆಯ ಕಡೆ ಕೂಗಿದಳು.

"ನೀಲವ್ವಾ, ನಿನ್ನಿ ಮಧ್ಯಾಹ್ನ ಕರೆಂಟ್ ಹೋಗಿತ್ತೇನು?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೋಗಿತ್ತಕ್ಕಾ. ಮೂರು ತಾಸು."