ಇಪ್ಪತ್ತೈದು ತೂತಿನ ಜಾಗ

ಕೊಟ್ಟೂರಿನ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂದ ದಿನ ಯಶೋಧಾಳಿಗೆ ಬೆಳಗಿನಿಂದಲೇ ಮೈ ಉರಿಯುತ್ತಿತ್ತು. 2004ರ ಬೇಸಿಗೆ, ಮದುವೆ ಕಾರ್ಡಿನ ಸುಗ್ಗಿ. ಆರು ವರ್ಷದಿಂದ ಅವಳು ದಿನಾ ಕೂಡ್ಲಿಗಿಯಿಂದ ಬಸ್ಸು ಹಿಡಿದು ಬಂದು, ಬೆನ್ನಿಲ್ಲದ ಕಬ್ಬಿಣದ ಸ್ಟೂಲಿನ ಮೇಲೆ ಕೂತು, ಆ ಅಂಗಡಿಯ ಅಷ್ಟೂ ಕನ್ನಡ ಟೈಪು ಮಾಡುತ್ತಿದ್ದಳು. ಹೊಸ ಮಿಷಿನ್ ತರುವಾಗ ನಿನ್ನನ್ನ ಕೇಳಿಯೇ ತರ್ತೀನಿ ಅಂತ ಮಾಲೀಕ ಗುರುಬಸವರಾಜ ಎಷ್ಟೋ ಸಲ ಹೇಳಿದ್ದ. ಹೋದ ತಿಂಗಳು ಅವಳೇ ಒಂದು ಚೀಟಿಯಲ್ಲಿ ಏನೇನು ನೋಡಬೇಕೆಂದು ಬರೆದುಕೊಟ್ಟಳು. ಅವನು ಅದನ್ನು ಓದದೆ ಮಡಚಿ, ಪಕ್ಕದಲ್ಲಿದ್ದ ಹೆಂಡತಿಯ ತಮ್ಮ ಅರುಣಕುಮಾರನ ಕೈಗೆ ಕೊಟ್ಟ. ಭಾಮೈದ ದಾವಣಗೆರೆಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕೋರ್ಸು ಮಾಡಿದವನು. ಅವನೇ ಹೋಗಿ, ನೋಡಿ, ಒಪ್ಪಿ ಬಂದ.

ಈಗ ಅದು ಮೇಜಿನ ಮೇಲೆ ಕೂತಿತ್ತು. ಹಣೆಗೆ ಕುಂಕುಮ, ಮೇಲೆ ಒಂದು ಎಳೆ ಮಲ್ಲಿಗೆ.

"ಇದರ ಸಿಪಿಯು ಎಲ್ಲೈತ್ರೀ? ದಾವಣಗೆರಿಯಾಗ ಮರತು ಬಂದ್ರೇನು?" ಆಫ್‌ಸೆಟ್ ಓಡಿಸುವ ಪಾಲಣ್ಣ ಕೈಯ ಮಸಿ ಒರೆಸಿಕೊಳ್ಳುತ್ತ ಕೇಳಿದ.

"ಎಲ್ಲಾ ಇದರೊಳಗ ಐತಿ ಮಾರಾಯ," ಅಂದ ಅರುಣಕುಮಾರ. ಅಂಗಡಿಯಲ್ಲಿದ್ದ ಒಂದೇ ಒಂದು ಬೆನ್ನಿನ ಕುರ್ಚಿಯಲ್ಲಿ ಅವನು ಕಾಲು ಚಾಚಿ ಕೂತಿದ್ದ. "ಆಲ್ ಇನ್ ಒನ್. ಈ ಊರಾಗ ಇದೇ ಮೊದಲು."

ಟೈ ಕಟ್ಟಿಕೊಂಡ ಸೇಲ್ಸ್‌ನವನು ಜೊತೆಗೆ ಬಂದದ್ದನ್ನೆಲ್ಲ ಬಿಚ್ಚಿಟ್ಟ. ವೈರಿಲ್ಲದ ಕೀಬೋರ್ಡು, ವೈರಿಲ್ಲದ ಮೌಸು. ಯಶೋಧಾ ಕೀಬೋರ್ಡನ್ನು ಬೋರಲು ಹಾಕಿ ನೋಡಿದಳು: ಎರಡು ಸೆಲ್ಲು. ದಿನಕ್ಕೆ ಒಂಬತ್ತು ತಾಸು ಬಡಿಯುವ ಕೈಗೆ ಸೆಲ್ಲು ಎಷ್ಟು ದಿನ ಬಾಳುತ್ತವೆ? ಕಣ್ಣಿನಂಥ ಒಂದು ಕ್ಯಾಮೆರಾ. ಮದುವೆ ಕಾರ್ಡಿಗೆ ಕ್ಯಾಮೆರಾ ಯಾಕೆ? ಎರಡು ಸ್ಪೀಕರು. ಅವು ಅರುಣಕುಮಾರನ ಹಾಡಿಗೆ. ಪರದೆ ಮಾತ್ರ ಚೆನ್ನಾಗಿತ್ತು. ಅಕ್ಷರದ ಅಂಚು ಕೊರೆದಿಟ್ಟಂತೆ ಕಾಣುತ್ತಿತ್ತು, ಅದನ್ನು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ಆದರೆ ಅದರಲ್ಲಿ ಒಂದು ಸಾಮಾನು ಸುಟ್ಟರೆ ಇಡೀ ಪೆಟ್ಟಿಗೆಯೇ ಬೆಂಗಳೂರಿಗೆ ಹೋಗಬೇಕು. ಹಳೆಯದರಲ್ಲಿ ಏನು ಸುಟ್ಟರೂ ಅವಳೇ ಸ್ಕ್ರೂ ಬಿಚ್ಚಿ ಬದಲಿಸುತ್ತಿದ್ದಳು.

ಕೊನೆಗೆ ಬಣ್ಣದ ಇಂಕಿನ ಪ್ರಿಂಟರ್. ಅವಳು ಯಾರನ್ನೂ ಕೇಳದೆ ಅದಕ್ಕೊಂದು ಬಟರ್ ಪೇಪರ್ ಹಾಕಿ ಟೆಸ್ಟ್ ಪುಟ ತೆಗೆದಳು. ಆ ತೆಳು ಹಾಳೆಯ ಮೇಲೆ ಕಪ್ಪಗೆ ಮೂಡಿದ ಅಕ್ಷರದಿಂದಲೇ ಆಫ್‌ಸೆಟ್‌ನ ಪ್ಲೇಟು ಆಗಬೇಕು. ಹೆಬ್ಬೆರಳಿನಿಂದ ಒರೆಸಿದಳು. ಸಾಲಿಗೆ ಸಾಲೇ ಅಳಿಸಿ ಬೆರಳಿಗೆ ಬಂತು.

"ಅಣ್ಣಾರ, ನೋಡ್ರಿಲ್ಲಿ. ಇದು ಒಣಗಂಗಿಲ್ಲ. ಆಮ್ಯಾಲ ಮಿಷಿನ್ನಿನ ಹಿಂದಗಡೇನೂ ಒಂದೀಟು ನೋಡ್ರಿ."

"ಶುಭಕಾರ್ಯದಾಗ ಕೊಂಕು ತೆಗೀಬ್ಯಾಡ," ಅಂದ ಗುರುಬಸವರಾಜ. "ನಿನಗ ಟೈಪ್ ಮಾಡಾದೈತಿ. ಟೈಪ್ ಮಾಡು."

ಅವಳು ಹೆಬ್ಬೆರಳಿನ ಮಸಿಯನ್ನು ಆ ಹಾಳೆಗೇ ಒರೆಸಿದಳು.

ಎಕ್ಸ್‌ಚೇಂಜಿಗೆಂದು ಹಳೇ ಕಂಪ್ಯೂಟರನ್ನೂ ಲೇಸರ್ ಪ್ರಿಂಟರನ್ನೂ ವ್ಯಾನಿಗೆ ಏರಿಸಲು ಇಬ್ಬರು ಬಂದರು. ಅವರು ಕೈ ಹಾಕುವ ಮೊದಲೇ ಅವಳು ಬಗ್ಗಿ ಸಿಪಿಯು ಹಿಂದಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಸಾಮಾನನ್ನು ಕಿತ್ತುಕೊಂಡಳು. ಅದು ಲಾಕ್, ಒಂದು ತುದಿಗೆ ಇಪ್ಪತ್ತೈದು ಸಣ್ಣ ಮುಳ್ಳು. ಕನ್ನಡದ ಸಾಫ್ಟ್‌ವೇರ್ ಕೊಂಡಾಗ ಕಂಪನಿಯವರು ಕೊಟ್ಟದ್ದು. ಅದು ಹಿಂದೆ ಸಿಕ್ಕಿಸಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ.

"ಅದನ್ನ್ಯಾಕ ಕಿತ್ತಿ?" ಅರುಣಕುಮಾರ ನಕ್ಕ. "ಅದು ಹಳೇ ಮಿಷಿನ್ನಿಂದು. ಹೊಸದಕ್ಕ ಅಂಥವೆಲ್ಲ ಬೇಕಾಗಂಗಿಲ್ಲ."

ಅವಳು ಲಾಕಿನ ಮೇಲೆ ಮುಷ್ಟಿ ಮುಚ್ಚಿದಳು.

ಅಷ್ಟರಲ್ಲಿ ಕಾನಹೊಸಹಳ್ಳಿಯ ಶಿವಯೋಗಪ್ಪ ಬಂದ. ಮಗಳ ಮದುವೆ ಕಾರ್ಡು ಅವನದು. ಸೋಮವಾರದಿಂದ ಹಂಚಬೇಕು.

"ಪ್ರೂಫ್ ತೋರಸ್ರಿ ಬಸವರಾಜಣ್ಣ. ಬೀಗರ ಹೆಸರು ಒಂದು ಬಿಟ್ಟು ಹೋಗಿತ್ತು."

"ಬರ್ರಿ, ಹೊಸದರಾಗ ತೋರಸ್ತೀವಿ!" ಗುರುಬಸವರಾಜ ಎದೆಯುಬ್ಬಿಸಿದ.

ಅರುಣಕುಮಾರ ಸಿಡಿಯಿಂದ ಸಾಫ್ಟ್‌ವೇರ್ ಹಾಕಿ, ಇನ್ನೊಂದು ಸಿಡಿಯಿಂದ ಅವಳು ಟೈಪು ಮಾಡಿಟ್ಟಿದ್ದ ಕಾರ್ಡಿನ ಫೈಲನ್ನೂ ಹಾಕಿದ. ತೆರೆದ. ಪರದೆಯ ನಡುವೆ ಸಣ್ಣ ಚೌಕ ಬಂತು: ಲಾಕ್ ಸಿಗುತ್ತಿಲ್ಲ. ಮುಚ್ಚಿ ಮತ್ತೆ ತೆರೆದ. ಮತ್ತೆ ಅದೇ ಚೌಕ.

ಯಶೋಧಾ ಮುಷ್ಟಿ ಬಿಚ್ಚಿ ಲಾಕ್ ಅನ್ನು ಅವನ ಮುಂದೆ ಚಾಚಿದಳು. "ತಗೋರಿ. ಸಿಕ್ಕಸ್ರಿ."

ಅವನು ಮಿಷಿನ್ನನ್ನು ತಿರುಗಿಸಿದ. ಮಲ್ಲಿಗೆ ಕೆಳಗೆ ಬಿತ್ತು. ಹಿಂದೆ ಮೂರು ಚಪ್ಪಟೆ ಸೀಳು, ಫೋನಿಗೊಂದು, ಕರೆಂಟಿಗೊಂದು. ಬದಿಯಲ್ಲಿ ನೋಡಿದ, ಎತ್ತಿ ಬುಡವನ್ನೂ ನೋಡಿದ. ಇಪ್ಪತ್ತೈದು ತೂತಿನ ಅಗಲ ಜಾಗ ಎಲ್ಲೂ ಇರಲಿಲ್ಲ. ಸೇಲ್ಸ್‌ನವನು ಚೀಲದಿಂದ ಒಂದು ಕೇಬಲ್ ತೆಗೆದು, ಒಂದು ತುದಿ ಸೀಳಿಗೆ, ಒಂದು ತುದಿ ಲಾಕಿಗೆ ಹಾಕಿದ. ಮತ್ತದೇ ಚೌಕ.

"ಇದರಾಗ ಆ ಪೋರ್ಟೇ ಬರಲ್ಲ ಸಾರ್. ಈಗ ಎಲ್ಲಾ ಯುಎಸ್‌ಬಿ," ಅಂದ ಅವನು, ತನಗೆ ಸಂಬಂಧವೇ ಇಲ್ಲದವನಂತೆ.

"ನನ್ನ ಮಗಳ ಕಾರ್ಡು?" ಶಿವಯೋಗಪ್ಪನ ದನಿ ಏರಿತು. "ಆಟ ಆಡಾಕ ಹತ್ತೀರೇನು?"

ಗುರುಬಸವರಾಜನ ಮುಖ ಕೆಂಪಾಯಿತು. ಅವನು ತಿರುಗಿದ್ದು ಭಾಮೈದನ ಕಡೆಗಲ್ಲ. "ಆರು ವರ್ಷ ಇಲ್ಲಿ ಉಂಡಾಕಿ, ಮೊದಲೇ ಹೇಳಾಕ ಏನಾಗಿತ್ತು ನಿನಗ?"

ಪಾಲಣ್ಣ ಓಡುತ್ತಿದ್ದ ಆಫ್‌ಸೆಟ್ ಮಿಷಿನ್ ನಿಲ್ಲಿಸಿದ.

"ದಾವಣಗೆರಿ ಇಂಜಿನಿಯರಿಗೆ ಫೋನ್ ಹಚ್ಚೋಣ ಮಾಮಾ, ನಂಬರ್ ಬರಕೊಂಡೀನಿ," ಅಂತ ಅರುಣಕುಮಾರ ಜೇಬಿನಿಂದ ಒಂದು ಚೀಟಿ ತೆಗೆದ. ಯಶೋಧಾಳಿಗೆ ಕಾಗದದ ಮಡಿಕೆಯೇ ಗುರುತು ಹತ್ತಿತು. ಅವಳ ಚೀಟಿ. ಖಾಲಿ ಬದಿಯಲ್ಲಿ ನಂಬರ್ ಗೀಚಿದ್ದ, ಇನ್ನೊಂದು ಬದಿಯನ್ನು ತಿರುವಿಯೂ ನೋಡಿರಲಿಲ್ಲ.

ಅವಳು ಚೀಟಿಯನ್ನು ಕಸಿದುಕೊಂಡು ಮಾಲೀಕನ ಕೈಗೆ ತುರುಕಿದಳು. ಕೇಬಲ್ಲಿನಿಂದ ಲಾಕ್ ಕಿತ್ತು ಮತ್ತೆ ಮುಷ್ಟಿಯಲ್ಲಿ ಹಿಡಿದಳು.

"ಓದ್ರಿ ಅಣ್ಣಾರ. ಜೋರಾಗಿ ಓದ್ರಿ. ಓದೂತನಕ ಲಾಕ್ ಕೊಡಂಗಿಲ್ಲ."

"ಗಿರಾಕಿ ಮುಂದ ಏನಿದು ಯಶೋಧಾ..."

"ಗಿರಾಕಿ ಮುಂದೇ ಬೈದ್ರಿ. ಗಿರಾಕಿ ಮುಂದೇ ಓದ್ರಿ."

"ಓದ್ರಿ ಮತ್ತ," ಅಂದ ಶಿವಯೋಗಪ್ಪ. "ನನಗ ಬಸ್ಸೈತಿ."

ಗುರುಬಸವರಾಜ ಚೀಟಿ ಬಿಚ್ಚಿದ. ಗಂಟಲು ಸರಿಮಾಡಿಕೊಂಡ. "ಒಂದು, ಸಾಮಾನು ಬಿಡಿಬಿಡಿಯಾಗಿ ಬದಲಿಸಲು ಬರಬೇಕು. ಎರಡು, ಕೀಬೋರ್ಡು ವೈರಿನದೇ ಇರಲಿ." ತಡೆದ. "ಮೂರು, ಹಿಂದೆ ಲಾಕಿಗೆ ಇಪ್ಪತ್ತೈದು ತೂತಿನ ಜಾಗ ಇರಲೇಬೇಕು, ಇಲ್ಲದಿದ್ದರೆ ಕನ್ನಡ ತೆರೆಯುವುದಿಲ್ಲ." 'ಲೇಬೇಕು' ಅನ್ನುವುದರ ಕೆಳಗೆ ಎರಡು ಗೆರೆ ಎಳೆದಿತ್ತು. "ನಾಲ್ಕು, ಲೇಸರ್ ಪ್ರಿಂಟರ್ ಕೊಡಬೇಡಿ."

ಅವನು ಚೀಟಿ ಮಡಚಲು ಹೋದ.

"ಐದನೇದು ಐತಿ."

ಅವನು ಮತ್ತೆ ಬಿಚ್ಚಿದ. ದನಿ ಕೆಳಗಿಳಿಯಿತು. "ಐದು, ನನಗೆ ಕೂರಲು ಬೆನ್ನಿರುವ ಒಂದು ಕುರ್ಚಿ."

ಎಲ್ಲರೂ ಅರುಣಕುಮಾರನ ಕಡೆ ನೋಡಿದರು. ಅವನು ಇನ್ನೂ ಕೂತೇ ಇದ್ದ. ಪಾಲಣ್ಣ ಕೆಮ್ಮಿದ. ಅರುಣಕುಮಾರ ಎದ್ದ.

"ಹಳೇದನ್ನ ಇಳಸ್ರಪ್ಪ ವ್ಯಾನಿಂದ," ಅಂದ ಗುರುಬಸವರಾಜ ಹೊರಗಿನವರಿಗೆ. ಸೇಲ್ಸ್‌ನವನು ಏನೋ ಹೇಳಲು ಬಂದ. "ಇದನ್ನ ಏರಿಸ್ರಿ. ಕುಂಕುಮ ಒರಸಿಕೊಂಡು ಒಯ್ರಿ."

ಯಶೋಧಾಳಿಗೆ ಅವನು ತಪ್ಪಾಯಿತು ಅನ್ನಲಿಲ್ಲ. ಅವಳು ಅದಕ್ಕೆ ಕಾಯುತ್ತಲೂ ಇರಲಿಲ್ಲ. ಸಿಪಿಯು ಮೇಜಿಗೆ ಬಂದಮೇಲೆ ಲಾಕ್ ಸಿಕ್ಕಿಸಿದಳು, ಅಂಗೈಯಲ್ಲಿ ಅದರ ಮೂಲೆಗಳ ಗುರುತು ಕೆಂಪಗೆ ಒತ್ತಿತ್ತು. ಸ್ಟೂಲನ್ನು ಕಾಲಿನಿಂದ ಗೋಡೆಗೆ ಒದ್ದಳು. ಕುರ್ಚಿ ಎಳೆದುಕೊಂಡು ಕೂತಳು.

"ಬಿಟ್ಟು ಹೋದ ಬೀಗರ ಹೆಸರು ಹೇಳ್ರಿ," ಅಂದಳು ಶಿವಯೋಗಪ್ಪನಿಗೆ. ಆ ದನಿಗೆ ಅವನು ಬೆಚ್ಚಿ, ಹೆಸರನ್ನು ಎರಡು ಸಲ ಹೇಳಿದ.