ಕರಡಿಗೆ ಭಾವನ ಮುಖ

ಮಕ್ಕಳಿಗೆ ಕತೆ ಬರೆಯುವವರು ಮಕ್ಕಳಷ್ಟೇ ಮುಗ್ಧರು ಎಂದು ನಂಬಿದವರು ಕತೆ ಚಿಕ್ಕಮ್ಮನ ಮೇಜಿನ ಖಾನೆಯನ್ನು ಒಮ್ಮೆಯೂ ಎಳೆದು ನೋಡಿದವರಲ್ಲ. ಬೀದಿಯ ಮಕ್ಕಳು ಅವಳಿಗೆ ಇಟ್ಟ ಹೆಸರೇ ಅದು, ಕತೆ ಚಿಕ್ಕಮ್ಮ. ಆ ಖಾನೆಯಲ್ಲಿ ಅವಳ ಅಕ್ಕನ ಗಂಡನ ಫೋಟೊ ಒಂದಿತ್ತು. ಊಟ ಮುಗಿಸಿ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದಾಗ ಕದ್ದು ತೆಗೆದದ್ದು. ಹದಿನೆಂಟು ವರ್ಷಗಳಿಂದ ಅವಳ ಪುಸ್ತಕಗಳಲ್ಲಿ ಬಂದುಹೋದ ಕತ್ತೆ, ಗೂಬೆ, ನೀರಾನೆ, ಮುಂಗೋಪಿ ಹುಂಜ, ಎಲ್ಲದರ ಮುಖವೂ ಆ ಒಂದೇ ಫೋಟೊದಿಂದ ಹುಟ್ಟಿತ್ತು. ಈ ಗುಟ್ಟು ಚಿತ್ರ ಬರೆಯುವವಳಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. "ಈ ನೀರಾನೇನ ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದು ಭಾವ ಒಮ್ಮೆ ಹೇಳಿದ್ದುಂಟು. ಆ ದಿನ ಚಿಕ್ಕಮ್ಮ ಕುಡಿಯುತ್ತಿದ್ದ ನೀರು ನೆತ್ತಿಗೇರಿತ್ತು.

ಅವಳು ಬರೆಯುತ್ತಿದ್ದದ್ದು ಮೂರು ಬಗೆ. ತೊಡೆಯ ಮೇಲೆ ಕೂತು ಕೇಳುವವರಿಗೆ ಚಿತ್ರಪುಸ್ತಕ. ಅಕ್ಷರದ ಕೆಳಗೆ ಬೆರಳಿಟ್ಟು ಓದಲು ಕಲಿಯುವವರಿಗೆ ಪುಟಕ್ಕೆ ಎರಡೇ ಸಾಲಿನ ಪುಸ್ತಕ. ಹಾಲುಹಲ್ಲು ಬಿದ್ದು ಹೊಸದು ಹುಟ್ಟಿ, ಅದರ ಜೊತೆಗೇ ತಲೆಯ ಮೇಲೆ ಕೊಂಬೂ ಹುಟ್ಟಿದವರಿಗೆ ಇನ್ನೂರು ಪುಟದ ಕಾದಂಬರಿ. ಹೆಚ್ಚು ತಿಣುಕಾಟ ಇದ್ದದ್ದು ಚಿತ್ರಪುಸ್ತಕದಲ್ಲೇ. ಕತೆಯನ್ನು ನೀಲಿ ಶಾಯಿಯಲ್ಲಿ ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಚಿತ್ರಗಾರ್ತಿಗೆ ಸೂಚನೆ ಬರೆಯುವುದು ಅವಳ ಪದ್ಧತಿ. ಕತೆ ಅರವತ್ತು ಪದವಾದರೆ ಸೂಚನೆ ಆರುನೂರು. ಭಾವನ ವಿಷಯ ಬಂದರಂತೂ ಆ ಕೆಂಪು ಪೆನ್ನಿಗೆ ಮೂಗುದಾರವೇ ಇರಲಿಲ್ಲ.

ಈ ಸಲ ಕರಡಿಯ ಪುಸ್ತಕ. ಚಿತ್ರಗಳೆಲ್ಲ ಮೊದಲೇ ಸಿದ್ಧವಾಗಿದ್ದವು. ಆದರೆ ಅಚ್ಚಿನವರ ಕೈಗೆ ಹೋದದ್ದು ಹಸ್ತಪ್ರತಿಯ ಜೆರಾಕ್ಸ್. ಜೆರಾಕ್ಸ್ ಯಂತ್ರಕ್ಕೆ ನೀಲಿಯೂ ಒಂದೇ, ಕೆಂಪೂ ಒಂದೇ. ಅಕ್ಷರ ಜೋಡಿಸಿದವನು ಎಲ್ಲವನ್ನೂ ಕತೆಯೆಂದೇ ತಿಳಿದು ಭಕ್ತಿಯಿಂದ ಜೋಡಿಸಿದ. ಪ್ರೂಫ್ ಮನೆಗೆ ಬಂದಾಗ ಚಿಕ್ಕಮ್ಮ ಕಾದಂಬರಿಯ ಏಳನೇ ಅಧ್ಯಾಯದಲ್ಲಿ ನಾಲ್ಕು ಮಕ್ಕಳನ್ನು ನೀರಿನ ಟ್ಯಾಂಕಿನ ಮೇಲೆ ಹತ್ತಿಸಿಬಿಟ್ಟು, ಇಳಿಸುವುದು ಹೇಗೆಂದು ತಿಳಿಯದೆ ಮೂರು ದಿನದಿಂದ ಉಗುರು ಕಚ್ಚುತ್ತಿದ್ದಳು. ಅರವತ್ತು ಪದದಲ್ಲಿ ತಪ್ಪಾದರೂ ಎಷ್ಟಿರುತ್ತದೆ ಎಂದುಕೊಂಡು ಲಕೋಟೆಯಿಂದ ಕೊನೆಯ ಹಾಳೆಯನ್ನಷ್ಟೇ ಎಳೆದು, ಅದನ್ನೂ ಓದದೆ ಕೆಳಗೆ ರುಜು ಹಾಕಿ ಕಳಿಸಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅವಳೇ ಒಂದು ಆಮೆಯ ಬಾಯಲ್ಲಿ ಹೇಳಿಸಿದ್ದಳು.

ಪುಸ್ತಕದ ಕಟ್ಟು ಬಂದದ್ದು ಮಕ್ಕಳ ಗ್ರಂಥಾಲಯಕ್ಕೆ, ಶನಿವಾರ ಬೆಳಿಗ್ಗೆ, ಓದಿಗೆ ಹತ್ತು ನಿಮಿಷ ಇರುವಾಗ. ಅವಳ ಪ್ರತಿ ಚಿತ್ರಪುಸ್ತಕದ ಮೊದಲ ಓದು ಅಲ್ಲೇ, ಓದುವವರು ಭಾವನೇ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಓದಿ ಹೇಳುವ ಗುಮಾಸ್ತರಾಗಿದ್ದವರು. ಗಂಟಲು ಗುಡುಗು. ಪುಸ್ತಕವನ್ನು ಮೊದಲೇ ತೆರೆದು ನೋಡುವವರಲ್ಲ. "ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ ಓದ್ಬೇಕು. ಒಂದು ಪದ ಬಿಟ್ರೂ ಅನ್ಯಾಯ" ಎನ್ನುವುದು ಅವರ ನೇಮ.

ಚಿಕ್ಕಮ್ಮ ಒಂದು ಪ್ರತಿ ತೆರೆದಳು. ಕೆಂಪು ಶಾಯಿಯ ಸೂಚನೆಗಳೆಲ್ಲ ಕತೆಯ ಜೊತೆಗೇ ಅಚ್ಚಾಗಿದ್ದವು. ಅವಳಿಗೆ ಪುಸ್ತಕದ ಚಿಂತೆಯಾಗಲಿಲ್ಲ, ಪುಸ್ತಕ ಹಾಳಾಗಿ ಹೋಗಲಿ. ಅಕ್ಕನ ಮದುವೆಯಾದಾಗ ಅವಳಿಗೆ ಎಂಟು ವರ್ಷ. ವಾರಕ್ಕೊಮ್ಮೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗ್ರಂಥಾಲಯಕ್ಕೆ ಕರೆದೊಯ್ದದ್ದು ಇದೇ ಭಾವ. ಅವರಿಲ್ಲದಿದ್ದರೆ ಅವಳು ಲೇಖಕಿಯಾಗುತ್ತಿರಲಿಲ್ಲ. ಅಂಥವರು ಮೂವತ್ತು ಮಕ್ಕಳ ಮುಂದೆ ತಮ್ಮ ಅಪಹಾಸ್ಯವನ್ನು ತಮ್ಮ ಬಾಯಿಂದಲೇ ಓದುತ್ತಾರಲ್ಲ ಎಂದು ನೆನೆದು ಅವಳಿಗೆ ಅಳು ಬಂತು.

"ಭಾವ, ನಿಮ್ಗೆ ಗಂಟಲು ನೋವು ಅಂದ್ರಲ್ಲ?"

"ಯಾರಂದ್ರು?" ಭಾವ ಗುಡುಗಿದರು. ಕಿಟಕಿಯ ಗಾಜು ಅದುರಿತು.

"ಹಾಗಾದ್ರೆ ಆ ಕೋಳಿಮರಿ ಪುಸ್ತಕ ಓದಿ. ಪುಟಕ್ಕೆ ಎರಡೇ ಸಾಲು."

"ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿರೋದು ಕೋಳಿಮರಿಗೋಸ್ಕರ ಅಲ್ಲ ಪುಟ್ಟಿ. ಕರಡಿ ಎಲ್ಲಿ?"

ಚಿಕ್ಕಮ್ಮ ಕರಡಿಯ ಮೇಲೆ ಕೂತಿದ್ದಳು. ಕಟ್ಟಿನ ಮಿಕ್ಕ ಪುಸ್ತಕಗಳನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಕೈಯಲ್ಲಿದ್ದ ಒಂದನ್ನು ಕೆಳಗಿಟ್ಟುಕೊಂಡು ಅಲುಗಾಡದೆ ಕೂತಿದ್ದಳು. ಮುಂದಿನ ಎರಡೂ ಹಲ್ಲಿಲ್ಲದ ಒಂದು ಹುಡುಗಿ ಅವಳ ಬೆನ್ನ ಹಿಂದಿನಿಂದ ಬಂದು ಅದನ್ನು ಸರಕ್ಕನೆ ಎಳೆದು ಭಾವನ ಕೈಗಿಟ್ಟಿತು. ಆ ವಯಸ್ಸಿನವರಿಗಾಗಿ ಇನ್ನು ಒಂದು ಸಾಲೂ ಬರೆಯುವುದಿಲ್ಲ ಎಂದು ಚಿಕ್ಕಮ್ಮ ಆ ಕ್ಷಣ ಆಣೆ ಮಾಡಿದಳು.

ಭಾವ ಕನ್ನಡಕ ಏರಿಸಿದರು. "ಒಂದು ಕರಡಿ ಇತ್ತು. ಹೊಟ್ಟೆ ನಮ್ಮ ಭಾವನ ಅಳತೆಯಲ್ಲೇ ಇರಲಿ. ಅಂಗಿಯ ಮೂರನೇ ಗುಂಡಿ ಈಗಲೋ ಆಗಲೋ ಹಾರುವಂತಿರಬೇಕು."

ಓದು ನಿಂತಿತು. ಭಾವ ತಮ್ಮ ಮೂರನೇ ಗುಂಡಿಯನ್ನು ಮುಟ್ಟಿ ನೋಡಿಕೊಂಡರು. ಮೂವತ್ತು ಮಕ್ಕಳೂ ಅದನ್ನೇ ನೋಡಿದರು. ಬೇರೆ ಯಾರಾದರೂ ಪುಸ್ತಕ ಮುಚ್ಚಿ ಎದ್ದುಹೋಗುತ್ತಿದ್ದರು. ಆದರೆ ನೇಮ ಎಂದರೆ ನೇಮ. ಅವರು ಹಾಳೆ ತಿರುವಿದರು.

"ಕರಡಿಗೆ ಒಂದು ಸೈಕಲ್ ಇತ್ತು. ಮುಖ ಹೇಗಿರಬೇಕೆಂದರೆ, ಪಾತ್ರೆ ತೊಳೆಯಿರಿ ಎಂದು ಅಕ್ಕ ಹೇಳಿದಾಗ ಭಾವ ಕಿವುಡರ ಹಾಗೆ ನಟಿಸುತ್ತಾರಲ್ಲ, ಹಾಗೆ."

"ಸರಿಯಾಗೇ ಬರ್ದಿದಾಳೆ!" ಹಿಂದಿನ ಸಾಲಿನಿಂದ ಅಕ್ಕನ ದನಿ ಬಂತು.

"ಕರಡಿ ಹಾಡಿತು. ಬಚ್ಚಲಲ್ಲಿ ಹಾಡುವಾಗಿನ ಭಾವನ ಬಾಯಿ. ಪಕ್ಕದ ಮನೆಯ ನಾಯಿಯನ್ನೂ ಬರೆಯಿರಿ, ಓಡುತ್ತಿರಲಿ." ಮಕ್ಕಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದರು. ಭಾವನ ಕಿವಿ ಕೆಂಪಾಯಿತು, ದನಿ ಮಾತ್ರ ಕೋರ್ಟಿನದ್ದೇ. "ಕರಡಿ ಬೆಟ್ಟ ಹತ್ತಿತು. ಕಳೆದ ಸಲ ನೀರಾನೆಯಲ್ಲಿ ಭಾವ ಬಹಳ ಚೆನ್ನಾಗಿ ಬಂದಿದ್ದರು. ಕತ್ತೆಯಲ್ಲೂ ಕಿವಿ ಬಿಟ್ಟರೆ ಮಿಕ್ಕಿದ್ದೆಲ್ಲ ಅವರೇ."

"ನೀರಾನೆ," ಎಂದರು ಭಾವ, ಪುಸ್ತಕದಲ್ಲಿ ಎರಡನೇ ಸಲ ಇಲ್ಲದ ಪದವನ್ನು. ಆಮೇಲೆ ಮೆಲ್ಲನೆ, "ಅದಕ್ಕೇ."

ಚಿಕ್ಕಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಕೊನೆಯ ಪುಟ ಬಂತು. ಅದರ ಸೂಚನೆಯಲ್ಲಿ ಏನು ಬರೆದಿದ್ದೆ ಎಂಬುದು ಅವಳಿಗೆ ಥಟ್ಟನೆ ನೆನಪಾಯಿತು. ತಡೆಯುವಷ್ಟರಲ್ಲಿ ಭಾವ ಓದತೊಡಗಿದ್ದರು.

"ಕರಡಿ ಕಾಯುತ್ತಿದೆ. ಮುಖ ಖಾಲಿ ಬಿಡಿ. ನಾನು ಚಿಕ್ಕವಳಿದ್ದಾಗ ಭಾವ ಹೀಗೇ ಗ್ರಂಥಾಲಯದ ಹೊರಗೆ ಸೈಕಲ್ ಹಿಡಿದು ಕಾಯುತ್ತಿದ್ದರು. ನಾನು ಪುಸ್ತಕದೊಳಗೆ ಮೂಗು ತೂರಿಸಿಕೊಂಡೇ ಹೊರಗೆ ಬರುತ್ತಿದ್ದೆ. ಅವರ ಮುಖ ಹೇಗಿರುತ್ತಿತ್ತು ಎಂದು ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ನೋಡದ್ದನ್ನು ಹೇಗೆಂದು ಹೇಳಲಿ?"

ಚಿತ್ರದಲ್ಲಿ ಸೈಕಲ್ ಹಿಡಿದ ಕರಡಿ ನಿಂತಿತ್ತು. ಮುಖದ ಜಾಗದಲ್ಲಿ ದುಂಡಗೆ ಬಿಳಿ ಕಾಗದ. ಮಕ್ಕಳ ನಗು ನಿಂತಿತು. ಭಾವ ಆ ಬಿಳಿಯನ್ನು ಬಹಳ ಹೊತ್ತು ನೋಡಿದರು.

"ಮುಖ ಎಲ್ಲಿ ತಾತ?" ಹಲ್ಲಿಲ್ಲದ ಹುಡುಗಿ ಕೇಳಿತು.

"ಇಲ್ಲಿ ಬರ್ದಿಲ್ಲಮ್ಮ."

"ಕರಡಿ ನೀವೇ ತಾನೆ? ನಿಮ್ಗೆ ಗೊತ್ತಿರ್ಬೇಕಲ್ಲ!"

ಕಾಗದದಲ್ಲಿ ಇಲ್ಲದ್ದನ್ನು ಹೇಳದ ಮನುಷ್ಯ ಪುಸ್ತಕ ಮುಚ್ಚಿದರು. ಎದ್ದು ನಿಂತು, ಎರಡು ಕೈಯಲ್ಲೂ ಇಲ್ಲದ ಸೈಕಲ್ಲಿನ ಹ್ಯಾಂಡಲ್ ಹಿಡಿದು ಗ್ರಂಥಾಲಯದ ಬಾಗಿಲ ಕಡೆ ನೋಡಿದರು. ಚಿಕ್ಕಮ್ಮ ಮುಖದಿಂದ ಕೈ ತೆಗೆದಳು. ಈ ಸಲ ನೋಡಿದಳು. ಭಾವನ ಹುಬ್ಬು ಮೇಲೇರಿತು, ಕತ್ತು ಕೊಂಚ ಮುಂದೆ ಬಂತು. ಬಾಗಿಲಿಂದ ಯಾರೋ ಬಂದಂತಾಗಿ ಇಡೀ ಮುಖ ಅರಳಿತು, ಆ ಬಂದವಳು ತಲೆಯೆತ್ತದಿದ್ದರೂ ಅರಳಿಯೇ ಇತ್ತು.

"ಹೀಗಿತ್ತು," ಎಂದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ನಾಚಿಕೊಂಡು, "ಅದ್ರಲ್ಲಿ ಅರ್ಧ ಹಸಿವು ಅನ್ನು" ಎಂದು ಸೇರಿಸಿದರು. "ಪುಟ್ಟಿ, ಹೊಟ್ಟೆ ಅಳತೆ ಮಾತ್ರ ಶುದ್ಧ ಸುಳ್ಳು. ಮುಂದಿನ ಅಚ್ಚಲ್ಲಿ ತಿದ್ದಿಸು." ಅದೇ ಹೊತ್ತಿಗೆ ಮೂರನೇ ಗುಂಡಿ ಹಾರಿ ಹುಡುಗಿಯ ತೊಡೆಯ ಮೇಲೆ ಬಿತ್ತು.

"ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಮಕ್ಕಳು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಚಿಕ್ಕಮ್ಮ. ಅವಳ ಕೆನ್ನೆ ಒದ್ದೆಯಾಗಿತ್ತು, ಕೈಯಲ್ಲಿ ಕೆಂಪು ಪೆನ್ನಿತ್ತು. ಭಾವ ಮತ್ತೆ ಹ್ಯಾಂಡಲ್ ಹಿಡಿದರು.